ಜೋಡಿ ಡೈವಿಂಗ್

ಸ್ಕೂಬಾದಲ್ಲಿ ಇಬ್ಬರು ಜೊತೆಯಾಗಿ ಇಳಿದರೆ ಜೊತೆಯಾಗಿಯೇ ಮೇಲೆ ಬರಬೇಕು. ಗಂಡ ಹೆಂಡತಿಗೂ ರಿಯಾಯಿತಿ ಇಲ್ಲ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಒಬ್ಬರು ಬಂಡೆಗೆ ಮುಖವಿಟ್ಟು ಉಗುರಿನಷ್ಟು ಪುಟ್ಟ ಕಡಲಹುಳುವಿನ ಫೋಟೊ ತೆಗೆಯುತ್ತಿದ್ದರೆ, ಇನ್ನೊಬ್ಬರಿಗೆ ಆಮೆ ಹುಡುಕಿಕೊಂಡು ಮುಂದೆ ಹೋಗುವ ಅವಸರ. ಹೆಚ್ಚು ಕಾಲು ಬಡಿದವರ ಸಿಲಿಂಡರ್ ಬೇಗ ಖಾಲಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ 2 ಪಟ್ಟು. ಪ್ರತಿ ಉಸಿರಿಗೂ ಅಷ್ಟೇ ಪಟ್ಟು ಗಾಳಿ ಖರ್ಚು. ಸಿಲಿಂಡರಿನ ಒತ್ತಡ ತೋರಿಸುವ ಒಬ್ಬರ ಮೀಟರಿನ ಮುಳ್ಳು 50 ಬಾರ್ ಹತ್ತಿರ ಬಂತೆಂದರೆ ಇಬ್ಬರ ಡೈವೂ ಮುಗಿದಂತೆ. ಕೆಳಗೆ ಜಗಳಕ್ಕೂ ಬಾಯಿಲ್ಲ, ಬರೀ ಕೈಸನ್ನೆ. ಆಳವೆಷ್ಟು, ಯಾವಾಗ ತಿರುಗುವುದು ಎಂಬುದೆಲ್ಲ ದೋಣಿಯಲ್ಲೇ ತೀರ್ಮಾನವಾಗಬೇಕು. ಅಭಿರುಚಿ ತೀರಾ ಬೇರೆಯಾದರೆ ಬೇರೆ ಬೇರೆ ಜೊತೆಗಾರರೊಂದಿಗೆ ಇಳಿಯುವುದೇ ವಾಸಿ, ಸಂಸಾರಕ್ಕೇನೂ ಧಕ್ಕೆಯಿಲ್ಲ. ಜೋಡಿಯಲ್ಲಿ ಗಾಳಿ ಬೇಗ ಮುಗಿಸುವವರು ಯಾರೆಂದು ಡೈವ್ ಮಾಡಿದವರೇ ಹೇಳಬೇಕು.