ಜ್ಞಾನಭಾರತಿಯ ಒಣಹುಲ್ಲಿನ ದಿನಗಳು

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಬಸ್ಸಿನಿಂದ ಇಳಿದವರಿಗೆ ಮೊದಲು ಎದುರಾಗುವುದು ವಾಹನಗಳ ಸಾಲು ಮತ್ತು ತಲೆಯ ಮೇಲೆ ಹಾದುಹೋದ ಮೆಟ್ರೊ ಸೇತುವೆ. ಆದರೆ ರಸ್ತೆಯಂಚಿನ ಗೋಡೆಯೊಂದರ ಆಚೆಗೆ ಬೇರೆಯದೇ ಲೋಕವಿದೆ. ಅದು ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಆವರಣ, ಜನರ ಬಾಯಲ್ಲಿ ಐಐಎಂ. 1973ರಲ್ಲಿ ಆರಂಭವಾದ ಈ ಸಂಸ್ಥೆ ಇಲ್ಲಿ ಸುಮಾರು 100 ಎಕರೆಯಲ್ಲಿ ಹರಡಿಕೊಂಡಿದೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಫತೇಪುರ ಸಿಕ್ರಿಯ ಅಂಗಳಗಳಿಂದ ಸ್ಫೂರ್ತಿ ಪಡೆದು ಬೂದು ಕಲ್ಲಿನ ಗೋಡೆಗಳನ್ನೂ ಉದ್ದನೆಯ ಪಡಸಾಲೆಗಳನ್ನೂ ರೂಪಿಸಿದರು. ಕಲ್ಲಿನ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಮರದ ನೆರಳು. ಕಡು ಬೇಸಿಗೆಯಲ್ಲೂ ಒಳಗೆ ತಂಪು.

ಈ ಆವರಣದ ನೆರೆಯ ಬಡಾವಣೆಗಳಲ್ಲಿ ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರ ಪದವಿಯ ನಂಟು ಇರುವುದು ಈ ಕಲ್ಲಿನ ಕಟ್ಟಡಗಳೊಂದಿಗಲ್ಲ, ನಗರದ ಪಶ್ಚಿಮದ ಅಂಚಿನಲ್ಲಿರುವ ಜ್ಞಾನಭಾರತಿಯೊಂದಿಗೆ. ಫೆಬ್ರವರಿ ಮುಗಿದು ಮಾರ್ಚ್ ಕಾಲಿಟ್ಟಿತೆಂದರೆ ಹಳೆಯ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದೇ ಅಳುಕು: ಈ ವರ್ಷವೂ ಅಲ್ಲಿ ಬೆಂಕಿ ಬಿತ್ತೇ?

ಬಿಳೇಕಹಳ್ಳಿಯಿಂದ ಅಲ್ಲಿಗೆ ಹೋಗಲು ಹೊರ ವರ್ತುಲ ರಸ್ತೆ ಹಿಡಿಯಬೇಕು. ಸಾರಕ್ಕಿ, ಬನಶಂಕರಿ, ಹೊಸಕೆರೆಹಳ್ಳಿ ದಾಟಿ ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆ ಸೇರಿದರೆ ವೃಷಭಾವತಿಯ ವಾಸನೆಯೇ ದಾರಿ ತೋರಿಸುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ ಸೆಂಟ್ರಲ್ ಕಾಲೇಜಿನ ಆವರಣದಿಂದ ಇಲ್ಲಿಗೆ ಬರತೊಡಗಿದ್ದು 1973ರಲ್ಲಿ. ಸುಮಾರು 1,100 ಎಕರೆಯ ಈ ನೆಲದಲ್ಲಿ ಬಂಡೆ, ಇಳಿಜಾರು, ಕುರುಚಲು, ನೆಡುತೋಪು ಎಲ್ಲವೂ ಇವೆ. ಜೈವಿಕ ಉದ್ಯಾನಕ್ಕಾಗಿ ನೆಟ್ಟ ಗಿಡಗಳು ಎಷ್ಟೋ ಕಡೆ ತೋಪುಗಳಾಗಿವೆ. ಬೆಳಗಿನ ಹೊತ್ತು ನವಿಲಿನ ಕೂಗು ಕೇಳುತ್ತದೆ. ಕಾಂಕ್ರೀಟಿನ ನಗರಕ್ಕೆ ಇದು ಉಸಿರು ಬಿಡಲು ಉಳಿದ ಜಾಗ.

ಐಐಎಂಗೆ ಇಲ್ಲದ ಒಂದು ಅಪಾಯ ಇಲ್ಲಿದೆ. ಅಲ್ಲಿ ಗೋಡೆ ಸುತ್ತುವರಿದಿದೆ, ತೋಟಕ್ಕೆ ನೀರು ಬೀಳುತ್ತದೆ, ಕಲ್ಲು ಹೊತ್ತಿಕೊಳ್ಳುವುದಿಲ್ಲ. ಇಲ್ಲಿಯಾದರೋ ರಸ್ತೆಗಳು ಆವರಣವನ್ನು ಸೀಳಿಕೊಂಡು ಹೋಗುತ್ತವೆ, ದಿನವಿಡೀ ಹೊರಗಿನವರ ಓಡಾಟ. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ಜನವರಿಯ ಹೊತ್ತಿಗೆ ಒಣಗಿ ಹಳದಿಯಾಗುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಹುಲ್ಲೂ ಹೆಚ್ಚು, ಬೇಸಿಗೆಯಲ್ಲಿ ಬೆಂಕಿಗೆ ಸಿಗುವ ಉರುವಲೂ ಹೆಚ್ಚು.

ಬೆಂಕಿಗೆ ಉರುವಲು, ಆಮ್ಲಜನಕ, ಶಾಖ ಮೂರೂ ಬೇಕೆಂದು ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಮೊದಲಿನೆರಡು ಇಲ್ಲಿ ಸಿದ್ಧವಾಗಿಯೇ ಇವೆ. ಮೂರನೆಯದನ್ನು ಕೊಡುವುದು ಬಹುಪಾಲು ಮನುಷ್ಯನ ಕೈ. ಸಿಡಿಲಿನಿಂದ ಬೆಂಕಿ ಹೊತ್ತಿಕೊಳ್ಳುವುದು ಅಪರೂಪ. ಆರದ ಬೀಡಿಯ ತುಂಡು, ರಸ್ತೆ ಬದಿ ಸುಟ್ಟ ಕಸ, ಮೋಜಿಗೆ ಗೀರಿದ ಬೆಂಕಿಕಡ್ಡಿ ಅಪರೂಪವಲ್ಲ. ಹುಲ್ಲಿನೆಳೆ ತೆಳು, ಗಾಳಿಯ ತೇವ ಇಳಿದರೆ ಕೆಲವೇ ಗಂಟೆಗಳಲ್ಲಿ ಅದೂ ಒಣಗುತ್ತದೆ. ಆದ್ದರಿಂದಲೇ ಮಧ್ಯಾಹ್ನ ಎರಡು ಮೂರು ಗಂಟೆ ಅತ್ಯಂತ ಅಪಾಯದ ಹೊತ್ತು. ಬಿಸಿಗಾಳಿ ಮೇಲಕ್ಕೇರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಬೆಂಕಿ ನಂದಿಸುವವರ ಸ್ಥೂಲ ಲೆಕ್ಕ.

ಇಂಥ ಬೆಂಕಿ ಆಕಾಶಕ್ಕೆ ಏಳುವುದಿಲ್ಲ, ನೆಲದಲ್ಲಿ ಹರಿಯುತ್ತದೆ. ಚಟಪಟ ಸದ್ದು ಮೊದಲು, ಹೊಗೆ ಆಮೇಲೆ. ಜ್ವಾಲೆಗೆ ಹೆದರಿ ಮೇಲೆದ್ದ ಮಿಡತೆಗಳನ್ನು ಹಿಡಿಯಲು ಕಾಜಾಣ ಹಕ್ಕಿಗಳು ಅಂಚಿನಲ್ಲೇ ಹಾರಾಡುತ್ತವೆ. ಒಬ್ಬರಿಗೆ ಔತಣ, ಇನ್ನೊಬ್ಬರಿಗೆ ಮರಣ. ದಪ್ಪ ತೊಗಟೆಯ ಮುತ್ತುಗ, ತೇಗ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ತಡೆದುಕೊಳ್ಳದವು ಎರಡು ಮೂರು ವರ್ಷದ ಸಸಿಗಳು. ಅವುಗಳ ತೊಗಟೆ ತೆಳು. ಬುಡದ ಜೀವಪದರ ಬೆಂದರೆ ಮೇಲಿನ ಎಲೆ ಕೆಲವು ದಿನ ಹಸಿರಾಗಿದ್ದರೂ ಆ ಗಿಡದ ಕಥೆ ಮುಗಿದಂತೆ. ಯಾರೋ ಗುಂಡಿ ತೋಡಿ, ಯಾರೋ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು ಅರ್ಧ ಗಂಟೆಯಲ್ಲಿ ಬೂದಿ.

ದೂರದ ಬಿಳೇಕಹಳ್ಳಿಯಲ್ಲಿ ಕುಳಿತು ಮೊಬೈಲಿನಲ್ಲಿ ಆ ಹೊಗೆಯ ಚಿತ್ರ ನೋಡುವ ಹಳೆಯ ವಿದ್ಯಾರ್ಥಿ ಮೊದಲು ಕೇಳುವುದು ಎಷ್ಟು ಎಕರೆ ಎಂದಲ್ಲ, ಯಾವ ಕಡೆ ಎಂದು. ಹಾಸ್ಟೆಲಿನ ಕಡೆಯೋ? ಸಸ್ಯಶಾಸ್ತ್ರದ ಗೆಳೆಯರೊಂದಿಗೆ ಎಲೆ ಆಯುತ್ತಿದ್ದ ದಿಣ್ಣೆಯ ಕಡೆಯೋ? ಕಟ್ಟಡ ಉಳಿಯಿತೆಂದು ತಿಳಿದರೂ ಸಮಾಧಾನವಾಗದು. ಪದವಿ ಪತ್ರ ಕೊಟ್ಟದ್ದು ಕಟ್ಟಡವಾದರೂ ನೆನಪು ಕೊಟ್ಟದ್ದು ಆ ಮರಗಳೇ ಅಲ್ಲವೇ?

ಈ ಸಂಕಟ ಬೆಂಗಳೂರಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕಡಲಂಚಿನ ಮಾಲಿಬು ಗುಡ್ಡದ ಮೇಲೆ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯವಿದೆ. 2024ರ ಡಿಸೆಂಬರ್ 9ರ ರಾತ್ರಿ ಬಿರುಗಾಳಿಯೊಡನೆ ಬಂದ ಕಾಳ್ಗಿಚ್ಚು ಅದರ ಆವರಣದ ಅಂಚಿಗೇ ತಲುಪಿತು. ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಆಶ್ರಯ ಪಡೆದರು. ಕಿಟಕಿಗಳ ಆಚೆ ಆಕಾಶವೆಲ್ಲ ಕೆಂಪು. ಹೆಲಿಕಾಪ್ಟರುಗಳು ಆವರಣದ ಕೊಳಗಳಿಂದಲೇ ನೀರೆತ್ತಿ ಸುರಿದವು. ಸುಮಾರು 4,000 ಎಕರೆ ಸುಟ್ಟರೂ ವಿದ್ಯಾರ್ಥಿಗಳು ಸುರಕ್ಷಿತವಾಗಿ ಉಳಿದರು. ಇದು ಅದೃಷ್ಟವಷ್ಟೇ ಅಲ್ಲ. ಕಟ್ಟಡಗಳ ಸುತ್ತಲಿನ ಒಣ ಪೊದೆಯನ್ನು ಪ್ರತಿ ವರ್ಷ ತೆಗೆಯುವುದು, ಬೆಂಕಿ ಬಂದರೆ ಎಲ್ಲಿ ಸೇರಬೇಕೆಂದು ಮೊದಲೇ ನಿಶ್ಚಯಿಸಿಡುವುದು ಅಲ್ಲಿನ ರೂಢಿ.

ಕರ್ನಾಟಕದ ಕಾಡುಗಳಲ್ಲೂ ಇದೇ ಬುದ್ಧಿ ಹಳೆಯದು. ಬೇಸಿಗೆಗೆ ಮೊದಲೇ ಅರಣ್ಯ ಸಿಬ್ಬಂದಿ ಹುಲ್ಲು ತೆಗೆದು ಬೆಂಕಿ ರೇಖೆ ಮಾಡುತ್ತಾರೆ. ಉರುವಲಿಲ್ಲದ ಆ ಪಟ್ಟಿಗೆ ಬಂದಾಗ ಬೆಂಕಿ ಹಸಿದು ನಿಲ್ಲುತ್ತದೆ. ಆದರೂ 2019ರ ಫೆಬ್ರವರಿಯಲ್ಲಿ ಬಂಡೀಪುರದ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಗಾಳಿ ಜೋರಾದರೆ ಕಿಡಿ ರೇಖೆಯನ್ನೇ ಹಾರಿ ದಾಟಬಲ್ಲದು. ಹಾಗಾಗಿ ರೇಖೆಯ ಜೊತೆಗೆ ಕಾಯುವ ಕಣ್ಣುಗಳೂ ಬೇಕು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ ಎಂಬ ಗಾದೆ ಹಳ್ಳಿಯವರಿಗೆಲ್ಲ ಗೊತ್ತು. ಕಾಲೇಜಿನ ವಿದ್ಯಾರ್ಥಿಗಳು ಜನವರಿಯ ಎರಡು ಭಾನುವಾರ ದಾರಿಯ ಎರಡೂ ಬದಿಯ ಒಣಹುಲ್ಲು ಕೊಯ್ಯಲು ನೆರವಾದರೆ ಅದು ಮಾರ್ಚಿನಲ್ಲಿ ಬರುವ ಅಗ್ನಿಶಾಮಕ ವಾಹನಕ್ಕಿಂತ ಹೆಚ್ಚಿನ ಕೆಲಸ. ಉದುರಿದ ಎಲೆಯನ್ನು ಸುಡದೆ ಗುಂಡಿಯಲ್ಲಿ ಕೊಳೆಸಿದರೆ ಗೊಬ್ಬರ. ಹೊಗೆ ಕಂಡರೆ 101 ಅಥವಾ 112ಕ್ಕೆ ಕರೆ ಮಾಡಿ, ಯಾವ ಗೇಟು, ಯಾವ ಕಟ್ಟಡದ ಹಿಂದೆ ಎಂದು ಖಚಿತವಾಗಿ ಹೇಳಬೇಕು. ಹುಲ್ಲಿನ ಬೆಂಕಿಯ ಎದುರಿಗೆ ಮಕ್ಕಳು ಎಂದೂ ಹೋಗಬಾರದು. ಹಸಿ ಸೊಪ್ಪಿನಿಂದ ಬಡಿದು ನಂದಿಸುವುದು ಪಳಗಿದವರ ಕೆಲಸ.

ಮೊದಲ ಮುಂಗಾರು ಮಳೆಗೆ ಸುಟ್ಟ ನೆಲದಲ್ಲಿ ಹುಲ್ಲು ಮತ್ತೆ ಚಿಗುರುತ್ತದೆ. ದೂರದಿಂದ ನೋಡಿದವರಿಗೆ ಏನೂ ಆಗಿಲ್ಲವೆಂದೇ ಅನ್ನಿಸಬಹುದು. ಹತ್ತಿರ ಹೋಗಿ ಬಾಗಿ ನೋಡಿದರೆ ಹೊಸ ಹುಲ್ಲಿನ ನಡುವೆ ಕಪ್ಪಾದ ಕಡ್ಡಿಗಳು ಸಾಲಾಗಿ ನಿಂತಿರುತ್ತವೆ. ಹುಲ್ಲು ತಾನಾಗಿ ಬಂತು. ಆ ಸಾಲನ್ನು ಮಾತ್ರ ಯಾರಾದರೂ ಮತ್ತೆ ನೆಡಬೇಕು.