ಛಾಯಾಗ್ರಹಣವೂ ಅನರ್ಥದಂಡವ್ರತವೂ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕಾಡು ಹೊಸ ರೂಪ ತಾಳುತ್ತದೆ. ಯಲ್ಲಾಪುರದ ಕಡೆಯ ಎಲೆಯುದುರುವ ಕಾಡಿನಲ್ಲಿ ಮುತ್ತುಗ ಕೆಂಪಾಗಿ ಅರಳಿದರೆ, ಸಿದ್ದಾಪುರದ ನಿತ್ಯಹರಿದ್ವರ್ಣದ ಕಾನುಗಳಲ್ಲಿ ಸುರಗಿಯ ಪರಿಮಳ ಹರಡುತ್ತದೆ. ಸೋಂದೆಯ ಸ್ವಾದಿ ಜೈನ ಮಠದ ದರ್ಶನಕ್ಕೆ ಬರುವ ಕುಟುಂಬಗಳ ಯುವಕರಿಗೆ, ದರ್ಶನದ ಬಳಿಕ ಕಾಡು ಸುತ್ತಿ ಹಕ್ಕಿಗಳ ಚಿತ್ರ ತೆಗೆಯುವುದು ಪ್ರಿಯವಾದ ಹವ್ಯಾಸ. ಎಂ. ವೈ. ಘೋರ್ಪಡೆ, ಟಿ. ಎನ್. ಎ. ಪೆರುಮಾಳ್ ಮೊದಲಾದ ಛಾಯಾಗ್ರಾಹಕರು ತಮ್ಮ ಚಿತ್ರಗಳಿಂದಲೇ ವನ್ಯಜೀವಿಗಳತ್ತ ಜನರ ಕಣ್ಣು ತೆರೆಸಿದರು. ಬಂದೂಕು ಹಿಡಿಯುತ್ತಿದ್ದ ಕೈ ಕ್ಯಾಮೆರಾ ಹಿಡಿದದ್ದು ಸಂತೋಷದ ಸಂಗತಿಯೇ ಸರಿ. ಆದರೆ ರಕ್ತ ಸುರಿಯಲಿಲ್ಲವೆಂದ ಮಾತ್ರಕ್ಕೆ ಹಿಂಸೆ ನಡೆಯಲಿಲ್ಲವೆನ್ನಬಹುದೇ ಎಂಬುದು ವಿಚಾರಾರ್ಹ.

ಈ ಋತುವು ಮಂಗಟ್ಟೆ ಹಕ್ಕಿಗಳು ಮರಿಮಾಡುವ ಕಾಲ. ಹೆಣ್ಣು ಹಕ್ಕಿ ಹಳೆಯ ಹೆಮ್ಮರದ ಪೊಟರೆಯನ್ನು ಹೊಕ್ಕು, ಅದರ ಬಾಯನ್ನು ಹಿಕ್ಕೆ ಮೊದಲಾದವುಗಳಿಂದ ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗಿರುವಾಗ ಅದರ ಹಾರುವ ಗರಿಗಳು ಉದುರಿ ಹೊಸದಾಗಿ ಮೂಡಬೇಕು. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಗಂಡು ಹಕ್ಕಿ ತಂದುಣಿಸುವ ಅತ್ತಿ, ಆಲದ ಹಣ್ಣುಗಳೇ ಆಧಾರ. ಗಂಡು ಬಹಳ ಎಚ್ಚರದ ಪ್ರಾಣಿ. ಮರದ ಬುಡದಲ್ಲಿ ನಾಲ್ಕು ಜನ ಕ್ಯಾಮೆರಾ ಹೂಡಿ ನಿಂತರೆ ಅದು ಗೂಡಿನ ಹತ್ತಿರ ಸುಳಿಯದೆ ದೂರದ ಕೊಂಬೆಯಲ್ಲಿ ಕುಳಿತುಬಿಡುತ್ತದೆ. ಛಾಯಾಗ್ರಾಹಕನು ಅದನ್ನು ತನ್ನ ತಾಳ್ಮೆಯ ಪರೀಕ್ಷೆಯೆಂದು ಭಾವಿಸುತ್ತಾನೆ. ಪೊಟರೆಯೊಳಗಿನ ಜೀವಗಳಿಗೆ ಅದು ಉಪವಾಸ. ಪರ್ವದಿನದಂದು ಶ್ರಾವಕನು ಮಾಡುವ ಉಪವಾಸ ಸ್ವಇಚ್ಛೆಯದು. ಮರಿಯ ಉಪವಾಸ ಅನ್ಯರು ಹೇರಿದ್ದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಧರ್ಮಶಾಸ್ತ್ರದ ದೃಷ್ಟಿ ಇದಕ್ಕಿಂತಲೂ ಸೂಕ್ಷ್ಮವಾದುದು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಅಡುಗೆ, ಮನೆವಾರ್ತೆಗಳ ಆರಂಭೀ ಹಿಂಸೆ, ಕೃಷಿ ವ್ಯಾಪಾರಗಳ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯ ವಿರೋಧೀ ಹಿಂಸೆ, ಇವು ಅವನಿಗೆ ಪೂರ್ಣವಾಗಿ ಬಿಡಲಾಗದವು. ಹವ್ಯಾಸದ ಚಿತ್ರಕ್ಕಾಗಿ ಗೂಡಿನ ಶಾಂತಿ ಕದಡುವುದನ್ನು ಈ ಮೂರರಲ್ಲಿ ಯಾವ ಖಾತೆಗೆ ಬರೆಯಬೇಕು? ಒಂದಕ್ಕೂ ಅದು ಸಲ್ಲದು. ಅದು ಪ್ರಯೋಜನವಿಲ್ಲದ ಹಿಂಸೆ, ಅರ್ಥಾತ್ ಅನರ್ಥದಂಡ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ನಿಷ್ಕಾರಣವಾಗಿ ನೆಲ ಕೆದಕುವುದು, ಗಿಡಬಳ್ಳಿ ಕೀಳುವುದು ಪ್ರಮಾದಚರ್ಯೆ. ಚಿತ್ರಕ್ಕೆ ಅಡ್ಡವಾಯಿತೆಂದು ಗೂಡಿನ ಮರೆಯ ಕೊಂಬೆಯನ್ನು ಸವರುವವನು ಮಾಡುವುದು ಇದನ್ನೇ. ಆ ಮರೆ ಹೋದರೆ ಗೂಡು ಹದ್ದು, ಕಾಗೆಗಳ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಪಾಪೋಪದೇಶ. ಮೃಗಪಕ್ಷಿಗಳಿರುವ ತಾಣವನ್ನು ಬೇಟೆಗಾರನಿಗೆ ತಿಳಿಸುವುದೂ ಇದರಲ್ಲಿ ಸೇರುತ್ತದೆ. ಗೂಡಿನ ಮರವನ್ನು ಮೊಬೈಲ್ ಮೂಲಕ ನೂರಾರು ಜನಕ್ಕೆ ಸಾರುವವನು, ಆ ಸಂದೇಶ ಕೊನೆಗೆ ಯಾರ ಕೈ ಸೇರುವುದೆಂದು ಬಲ್ಲನೇ? ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವ ರೂಢಿಯೂ ಉಂಟು. ಪ್ರತಿಸ್ಪರ್ಧಿ ಬಂದನೆಂದು ಭ್ರಮಿಸಿದ ಹಕ್ಕಿ ಕೆರಳಿ, ಗೂಡು ಬಿಟ್ಟು ಹಾರಿಬರುತ್ತದೆ. ಅನ್ಯ ಜೀವದಲ್ಲಿ ಕಷಾಯವನ್ನೆಬ್ಬಿಸಿ ಪಡೆದ ಚಿತ್ರ ಅದು.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಸುತ್ತಿನಲ್ಲಿ ಸಿಂಗಳೀಕಗಳಿವೆ. ಅಘನಾಶಿನಿ ಕಣಿವೆಯ ಅವುಗಳ ನೆಲೆಯನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿತು. ಮರದ ನೆತ್ತಿಯಲ್ಲೇ ಬಾಳುವ ಈ ಪ್ರಾಣಿಗೆ ಬಾಳೆಹಣ್ಣು ತೋರಿಸಿ ರಸ್ತೆಗಿಳಿಸಿದರೆ ಚಿತ್ರ ಸುಲಭವಾಗಿ ದೊರೆತೀತು. ನಾಳೆ ಅದೇ ಆಸೆಯಿಂದ ಇಳಿದ ತಾಯಿ ವಾಹನಕ್ಕೆ ಸಿಕ್ಕಿದರೆ ಅದರ ಹೊಣೆ ಯಾರದು? ದಾನವೆಂಬ ಭಾವನೆಯಿಂದ ಹಣ್ಣು ಕೊಟ್ಟರೂ ಫಲ ಬದಲಾಗದು.

ಹಾಗೆಂದು ಕ್ಯಾಮೆರಾವನ್ನೇ ತ್ಯಜಿಸಬೇಕಾಗಿಲ್ಲ. ಮುನಿಗಳಿಗೆ ವಿಹಿತವಾದ ಸಮಿತಿಗಳನ್ನು ಶ್ರಾವಕನು ತನ್ನ ಶಕ್ತ್ಯನುಸಾರ ಅನುಸರಿಸಬಹುದು. ಈರ್ಯಾ ಸಮಿತಿಯನ್ನು ನೆನೆದು ನೆಲ ನೋಡಿ ಹೆಜ್ಜೆಯಿಡಲಿ. ಆದಾನನಿಕ್ಷೇಪಣ ಸಮಿತಿಯನ್ನು ನೆನೆದು, ತರಗೆಲೆಯಡಿಯ ಇರುವೆ ಹುಳಗಳನ್ನು ಪರೀಕ್ಷಿಸಿ ಕ್ಯಾಮೆರಾದ ಮುಕ್ಕಾಲಿಯನ್ನು ಊರಲಿ. ಅಭಯಾರಣ್ಯದಲ್ಲಿ ಇಲಾಖೆಯ ಅನುಮತಿ ಪಡೆಯಲಿ. ಗೂಡನ್ನು ಕಂಡರೆ ಕೈಮುಗಿದು ಹಿಂದೆ ಸರಿಯಲಿ. ಚಿತ್ರವಿಲ್ಲದೆ ಮರಳಿದ ದಿನವೂ ವ್ಯರ್ಥವಲ್ಲ. ಚಿತ್ರಗಳ ಮೇಲಿನ ಮೋಹವೂ ಪರಿಗ್ರಹವೇ, ಅದಕ್ಕೊಂದು ಪರಿಮಾಣ ಅಂದು ದೊರೆತಂತಾಯಿತು.

ಬಸದಿಗಳ ಟ್ರಸ್ಟುಗಳಿಗೂ ಇದರಲ್ಲಿ ಕರ್ತವ್ಯವಿದೆ. ವರ್ಷವರ್ಷವೂ ಅಚ್ಚಾಗುವ ಕ್ಯಾಲೆಂಡರಿಗೆ ಪಕ್ಷಿಯ ಚಿತ್ರವನ್ನು ಆರಿಸುವಾಗ, ಅದು ಎಷ್ಟು ಸುಂದರವೆಂದು ನೋಡುವುದರ ಜೊತೆಗೆ ಹೇಗೆ ತೆಗೆದದ್ದೆಂದು ಒಂದು ಮಾತು ಕೇಳಬಹುದು. ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ನಿರ್ಣಯಿಸಬಹುದು. ಯಾತ್ರಿನಿವಾಸದ ಗೋಡೆಯ ಮೇಲೆ ರಾತ್ರಿಭೋಜನ ನಿಷೇಧದ ಸೂಚನೆಯ ಪಕ್ಕದಲ್ಲಿ ಇನ್ನೊಂದು ಸಾಲು ಬರೆಸುವುದಕ್ಕೆ ಹೆಚ್ಚು ಖರ್ಚಿಲ್ಲ: ಗೂಡಿನ ಹತ್ತಿರ ಹೋಗಬೇಡಿ, ಅಲ್ಲಿ ಹಸಿದ ಮರಿಗಳಿವೆ.