ದೋಣಿ ದಂಡೆಯ ಚರಗದೂಟ

ವಿಜಯಪುರ ಜಿಲ್ಲೆಯ ದೋಣಿ ನದಿಯ ದಂಡೆಯಲ್ಲಿ ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಎರೆಭೂಮಿಯ ಹಿಂಗಾರಿ ಜೋಳಕ್ಕೆ ಚರಗ ಚೆಲ್ಲಿದ ಮೇಲೆ ಮನೆಮನೆಯ ಬುತ್ತಿಗಳನ್ನು ಒಂದೆಡೆ ಬಿಚ್ಚುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ!

ಮಳೆಯ ಸುಳಿವಿಲ್ಲದಿದ್ದರೂ ಕೊಡೆ ಹಿಡಿದು, ಗಿಡಗಳೊಡನೆ ಮಾತನಾಡುತ್ತ ತಿರುಗುವ ತೀರ್ಥಹಳ್ಳಿಯ ನನ್ನ ಸಹೋದ್ಯೋಗಿಯನ್ನು ಕಂಡರೆ ಅಲ್ಲಿಯವರಿಗೆ ನಗೆ. ಅವರನ್ನು ಕರೆದೊಯ್ದ ನನಗೂ, ನಿಜ ಹೇಳಬೇಕೆಂದರೆ, ಒಳಗೊಳಗೆ ಅಳುಕು. ಅವರ ಬುತ್ತಿಯೋ ಒಂದು ಪುಟ್ಟ ತಂಬಿಗೆ: ಮೆಂತ್ಯ, ಜೀರಿಗೆಗಳನ್ನು ತುಪ್ಪದಲ್ಲಿ ಹುರಿದು, ಕಾಯಿಯೊಡನೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದ ತಂಬುಳಿ. “ಇದೇನ್ರೀ, ನೀರ ಮಜ್ಜಿಗಿ?” ಎಂದರು ಯಾರೋ. ಬಹಳ ಹೊತ್ತು ಯಾರೂ ಅದನ್ನು ಮುಟ್ಟಲಿಲ್ಲ.

ಹೋಳಿಗೆ ಉಂಡು ದಣಿದ ಅಜ್ಜಿಯೊಬ್ಬರು ಕಡೆಗೆ ಅನ್ನಕ್ಕೆ ಅದನ್ನು ಹಾಕಿಸಿಕೊಂಡರು, ಮಾತಿಲ್ಲದೆ ಉಂಡರು, ಮತ್ತೆ ತಾಟು ಚಾಚಿದರು.

“ಇನ್ನೊಂದ್ ಸೌಟು ಹಾಕ್ರಿ ಮಾಸ್ತರ. ಬರೂ ವರ್ಷ ಕೊಡದಾಗ ತರ್ರಿ!”